ಹೊಳೆಯಿಲ್ಲದ ಸೀಮೆಗೆ ಬೇರೆ ಲೆಕ್ಕ

ಲೀಟರಿಗೆ 3 ಮಿಲಿಗ್ರಾಂ ನಿಕ್ಕಲ್ ಇರುವ ನೀರನ್ನು ಕಾರ್ಖಾನೆಯೊಂದು ಹಳ್ಳಕ್ಕೆ ಬಿಟ್ಟರೆ, 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದ ಮಟ್ಟಿಗೆ ಅದು ತಪ್ಪಲ್ಲ. ಅದೇ ದೇಶದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ನಿಕ್ಕಲ್‌ಗೆ ಹಾಕಿರುವ ಮಿತಿ ಲೀಟರಿಗೆ 0.02 ಮಿಲಿಗ್ರಾಂ. ಎರಡಕ್ಕೂ 150 ಪಟ್ಟು ಅಂತರ. ಕ್ಯಾಡ್ಮಿಯಂ ವಿಷಯದಲ್ಲಿ ಅಂತರ ಇನ್ನೂ ಹಿಗ್ಗುತ್ತದೆ: ಹೊರಗೆ ಬಿಡಲು 2 ಮಿಲಿಗ್ರಾಂ, ಕುಡಿಯಲು 0.003 ಮಿಲಿಗ್ರಾಂ, ಆರುನೂರು ಪಟ್ಟಿಗೂ ಹೆಚ್ಚು. ಕಾನೂನು ಮಾಡಿದವರ ಕೈತಪ್ಪಿ ಹೀಗಾದದ್ದಲ್ಲ. ಹೊರಬಿಟ್ಟ ನೀರು ತುಂಬಿ ಹರಿಯುವ ಹೊಳೆಯನ್ನು ಸೇರುತ್ತದೆ, ಅಲ್ಲಿ ನೂರಾರು ಪಟ್ಟು ಒಳ್ಳೆಯ ನೀರಿನೊಡನೆ ಬೆರೆತು ತೆಳುವಾಗುತ್ತದೆ ಎಂಬ ಎಣಿಕೆ ಈ ಅಂಕಿಗಳ ಹಿಂದಿದೆ. ಕಾವೇರಿಯ ದಂಡೆಯಲ್ಲಿ ಆ ಎಣಿಕೆಗೆ ಒಂದಿಷ್ಟು ಅರ್ಥವಿರಬಹುದು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಅದು ಬುಡದಲ್ಲೇ ಸುಳ್ಳು. ಜಯಮಂಗಲಿ, ಸುವರ್ಣಮುಖಿಗಳು ಮಳೆ ಬಂದ ವರ್ಷ ಕೆಲ ದಿನ ಹರಿದು, ಉಳಿದ ಕಾಲ ಮರಳು ತೋರಿಸುವ ಹೊಳೆಗಳು. ಇಲ್ಲಿ ಹಳ್ಳಕ್ಕೆ ಬಿಟ್ಟ ನೀರು ಮುಂದಕ್ಕೆ ಹೋಗುವುದಿಲ್ಲ, ಕೆಳಕ್ಕೆ ಇಳಿಯುತ್ತದೆ. ಕೆಳಗಿರುವುದು ಊರಿನವರು ಕೊಳವೆಬಾವಿಯಿಂದ ಎತ್ತುವ ನೀರು.

ಆ ನೀರಿಗೆ ಈಗಾಗಲೇ ಹೊರೆ ಸಾಕಷ್ಟಿದೆ. ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ಹಾದುಹೋಗುವ ಹೆಬ್ಬಂಡೆಯ ಸಾಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟ ಅದೇ ಕಲ್ಲಿನದು. ಈ ಕಲ್ಲಿನೊಳಗಿನ ಖನಿಜಗಳಿಂದ ಫ್ಲೋರೈಡ್ ನೀರಿಗೆ ಬಿಡುತ್ತದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಬಿರುಕಿನಲ್ಲಿ ಹೆಚ್ಚು ಕಾಲ ನಿಂತದ್ದಾಗಿರುತ್ತದೆ, ಅದರ ಕ್ಷಾರಗುಣವೂ ಕರಗಿದ ಖನಿಜವೂ ಏರುತ್ತವೆ. ಪಾವಗಡದ ಹಳ್ಳಿಗಳಲ್ಲಿ ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳು, ಸೊಂಟ ಬಾಗಿದ ಹಿರಿಯರು ಇದರ ಗುರುತು. ಫ್ಲೋರೈಡ್ ಲೋಹವಲ್ಲ, ಆದರೆ ಭಾರಲೋಹವೂ ಇದೇ ಕಲ್ಲಿನಿಂದ ಬರುತ್ತದೆ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪರೀಕ್ಷಿಸಿದಾಗ, 57 ಹಳ್ಳಿಗಳಲ್ಲಿ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. ತುಮಕೂರು ಜಿಲ್ಲೆಯೂ ಆ ಪರೀಕ್ಷೆಯ ವ್ಯಾಪ್ತಿಯಲ್ಲಿತ್ತು. ಕಲ್ಲು ಕೊಟ್ಟ ಈ ಹೊರೆಯ ಮೇಲೆ ಕಾರ್ಖಾನೆಯ ಲೋಹವೂ ಬಿದ್ದರೆ ಈ ಸೀಮೆ ತಡೆದುಕೊಳ್ಳಲಾರದು ಎಂಬಲ್ಲಿಂದ ನನ್ನ ವಾದ ಆರಂಭವಾಗುತ್ತದೆ.

ಕಾರ್ಖಾನೆಗಳು ದೂರದ ಮಾತಲ್ಲ. ಕೊರಟಗೆರೆ, ಶಿರಾಗಳಿಗೆ ಹತ್ತಿರದ ವಸಂತನರಸಾಪುರದಲ್ಲಿ ಸಾವಿರಾರು ಎಕರೆಯ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಅಲ್ಲೇ ಮೆಷಿನ್ ಟೂಲ್ ಪಾರ್ಕ್ ಇದೆ. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿ ತುಮಕೂರಿಗೆ ಗೊತ್ತುಮಾಡಿದ ಜಾಗವೂ ಅದೇ. ಲೋಹ ಕೊರೆದು, ತೊಳೆದು, ಹೊಳಪು ಕೊಡುವ ಕೆಲಸ ಎಲ್ಲಿದೆಯೋ ಅಲ್ಲಿ ನಿಕ್ಕಲ್, ಕ್ರೋಮಿಯಂ, ಸತು, ತಾಮ್ರ ಬೆರೆತ ನೀರು ಹುಟ್ಟಿಯೇ ಹುಟ್ಟುತ್ತದೆ. ಅದು ಏನು ಮಾಡಬಲ್ಲದು ಎಂಬುದಕ್ಕೆ ಬೆಂಗಳೂರಿನ ಪೀಣ್ಯವೇ ಸಾಕ್ಷಿ. ಪ್ಲೇಟಿಂಗ್ ಘಟಕಗಳು ಸಾಲುಗಟ್ಟಿದ ಆ ಪ್ರದೇಶದ ಕೊಳವೆಬಾವಿಗಳಲ್ಲಿ ಕ್ರೋಮಿಯಂ ಸಿಕ್ಕಿದ್ದು ಹಳೆಯ ಸುದ್ದಿ. ಅಲ್ಲಿನ ಘಟಕಗಳಲ್ಲಿ ಬಹುಪಾಲು ಸಣ್ಣವು. ದೊಡ್ಡ ಶುದ್ಧೀಕರಣ ಯಂತ್ರ ಕೂರಿಸಲು ಅವಕ್ಕೆ ಜಾಗವೂ ಇಲ್ಲ, ಬಂಡವಾಳವೂ ಇಲ್ಲ. ಇನ್ನೊಂದು ಕಡೆಯಿಂದ, ವೃಷಭಾವತಿ ಕಣಿವೆಯ ಸಂಸ್ಕರಿಸಿದ ನೀರನ್ನು ತುಮಕೂರು ಜಿಲ್ಲೆಯ ಕೆರೆಗಳಿಗೂ ಹರಿಸುವ ಯೋಜನೆ ಸರ್ಕಾರದ ಕೈಯಲ್ಲಿದೆ. ಮನೆಗಳ ಕೊಳಚೆಯನ್ನು ಶುದ್ಧಿ ಮಾಡುವ ಘಟಕಗಳನ್ನು ಕಟ್ಟಿರುವುದು ಸಾವಯವ ಕೊಳೆಯನ್ನು ಕರಗಿಸಲು; ಲೋಹ ಹಿಡಿಯುವುದು ಅವುಗಳ ಮುಖ್ಯ ಕೆಲಸವಲ್ಲ. ಹೀಗಾಗಿ ಲೋಹವನ್ನು ಹುಟ್ಟಿದ ಕಾರ್ಖಾನೆಯ ಅಂಗಳದಲ್ಲೇ ಹಿಡಿಯಬೇಕು. ಚರಂಡಿಯಲ್ಲಿ ಹತ್ತು ಕಡೆಯ ನೀರು ಬೆರೆತ ಮೇಲೆ ಹಿಡಿಯುವುದು ಹತ್ತು ಪಟ್ಟು ಕಷ್ಟ.

ಕಾರ್ಖಾನೆಗಳು ಈಗ ಏನು ಮಾಡುತ್ತವೆ? ಲೋಹ ಕರಗಿದ ನೀರಿಗೆ ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕುತ್ತಾರೆ. ನೀರು ಕ್ಷಾರವಾದೊಡನೆ ಲೋಹ ಹೈಡ್ರಾಕ್ಸೈಡ್ ಆಗಿ ಹೆಪ್ಪುಗಟ್ಟಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಹೊರಬಿಟ್ಟು ಗಸಿಯನ್ನು ಒಣಗಿಸುತ್ತಾರೆ. ನೂರಾರು ಮಿಲಿಗ್ರಾಂ ಇದ್ದದ್ದನ್ನು ಒಂದೆರಡು ಮಿಲಿಗ್ರಾಂಗೆ ಇಳಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಅಲ್ಲಿಂದ ಕೆಳಗೆ ಸುಣ್ಣದ ಶಕ್ತಿ ಕುಗ್ಗುತ್ತದೆ. ಒಂದೊಂದು ಲೋಹ ಒಂದೊಂದು ಕ್ಷಾರಮಟ್ಟದಲ್ಲಿ ಚೆನ್ನಾಗಿ ಇಳಿಯುವುದರಿಂದ ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಪೂರ್ತಿ ಇಳಿಸಲಾಗುವುದಿಲ್ಲ. ಆ ಕೊನೆಯ ಒಂದೆರಡು ಮಿಲಿಗ್ರಾಂ ಕಾನೂನಿನ ಮಿತಿಯೊಳಗಿರುತ್ತದೆ. ಅಂತರ್ಜಲಕ್ಕೆ ಅದೇ ವಿಷ. ಈ ಕೊನೆಯ ಮೆಟ್ಟಿಲಿನಲ್ಲಿ ಕೆಲಸಕ್ಕೆ ಬರುವುದು ಲೋಹವನ್ನು ಮೈಗೆ ಅಂಟಿಸಿಕೊಳ್ಳುವ ವಸ್ತುಗಳು. ಒದ್ದೆ ಕಾಲಿಗೆ ಮರಳು ಮೆತ್ತಿಕೊಳ್ಳುವ ಹಾಗೆ, ಕೋಟಿಗಟ್ಟಲೆ ಸೂಕ್ಷ್ಮ ರಂಧ್ರಗಳಿರುವ ಇದ್ದಿಲಿನ ಮೇಲ್ಮೈಗೆ ಲೋಹದ ಅಯಾನುಗಳು ಅಂಟಿಕೊಳ್ಳುತ್ತವೆ. ಅಂಗಡಿಯಲ್ಲಿ ಸಿಗುವ ಸಕ್ರಿಯ ಇದ್ದಿಲು ಈ ಕೆಲಸ ಮಾಡುತ್ತದೆ, ಆದರೆ ದುಬಾರಿ. ಅದರ ಜಾಗದಲ್ಲಿ ಕಾರ್ಖಾನೆ, ಗಿರಣಿಗಳ ಕಸವನ್ನೇ ಏಕೆ ಬಳಸಬಾರದು ಎಂಬ ಪ್ರಶ್ನೆಯನ್ನು ಭಾರತದ ರಸಾಯನ ವಿಜ್ಞಾನಿಗಳು ಮೂರು ದಶಕಗಳಿಗೂ ಹಿಂದೆಯೇ ಎತ್ತಿಕೊಂಡರು.

ಅವರ ಉತ್ತರಗಳಲ್ಲಿ ಒಂದು ನಮ್ಮ ಸೀಮೆಗೆ ಬಹಳ ಹತ್ತಿರದ್ದು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ಪೆರಿಯಸಾಮಿ ಮತ್ತು ನಾಮಶಿವಾಯಂ 1990ರ ದಶಕದಲ್ಲಿ ಕಡಲೆಕಾಯಿ ಸಿಪ್ಪೆಯನ್ನು ಗಂಧಕಾಮ್ಲದಿಂದ ಇದ್ದಿಲಾಗಿಸಿ, ತೊಳೆದು, ಸೋಡಾ ಬೈಕಾರ್ಬನೇಟಿನ ದ್ರಾವಣದಲ್ಲಿ ನೆನೆಸಿ, ಲೋಹ ಬೆರೆತ ನೀರಿಗೆ ಹಾಕಿ ನೋಡಿದರು. ಕ್ಯಾಡ್ಮಿಯಂ ಹಿಡಿಯುವುದರಲ್ಲಿ ಈ ಇದ್ದಿಲು ಅವರು ಹೋಲಿಸಿದ ಮಾರುಕಟ್ಟೆಯ ಹರಳು ಇದ್ದಿಲಿಗಿಂತ 31 ಪಟ್ಟು ಸಮರ್ಥವಾಗಿತ್ತು. ಗುಟ್ಟು ಇರುವುದು ರಂಧ್ರದಲ್ಲಷ್ಟೇ ಅಲ್ಲ. ಆಮ್ಲ ತಾಗಿದ ಸಿಪ್ಪೆಯ ಮೇಲೆ ಮೂಡುವ ರಾಸಾಯನಿಕ ಕೊಂಡಿಗಳು ತಾವು ಹಿಡಿದಿದ್ದ ಸೋಡಿಯಂ ಅನ್ನು ಬಿಟ್ಟುಕೊಟ್ಟು ಲೋಹವನ್ನು ಹಿಡಿಯುತ್ತವೆ. ಅದೇ ಕೊಯಮತ್ತೂರಿನ ಗುಂಪು ತೆಂಗಿನ ನಾರಿನ ಪುಡಿಯನ್ನೂ, ಗೊಬ್ಬರ ಕಾರ್ಖಾನೆಯಿಂದ ಹೊರಬೀಳುವ ಕಬ್ಬಿಣ-ಕ್ರೋಮಿಯಂ ಗಸಿಯನ್ನೂ ಪರೀಕ್ಷಿಸಿತು. ರೂರ್ಕಿಯಲ್ಲಿ ವಿನೋದ್ ಕುಮಾರ್ ಗುಪ್ತಾ ಮತ್ತು ಜೊತೆಗಾರರು ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆಯ ಬೂದಿಯಿಂದಲೂ, ಅಲ್ಯೂಮಿನಿಯಂ ಉದ್ಯಮದ ಕೆಂಪು ಕೆಸರಿನಿಂದಲೂ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ಸತುಗಳನ್ನು ಹಿಡಿದು ತೋರಿಸಿದರು. ಕಡಲೆಕಾಯಿ ಪಾವಗಡ, ಶಿರಾ, ಮಧುಗಿರಿಗಳ ಹೊಲದ ಬೆಳೆ. ಕಾಯಿ ಬಿಡಿಸುವ ಗಿರಣಿಯ ಹಿಂದೆ ಸಿಪ್ಪೆಯ ಗುಡ್ಡೆ ಬಿದ್ದಿರುತ್ತದೆ. ತೆಂಗಿನ ನಾರಿನ ಪುಡಿಗೆ ತುಮಕೂರು ಜಿಲ್ಲೆಯಲ್ಲಿ ಬರವಿಲ್ಲ.

ಪ್ರಯೋಗಶಾಲೆಯ ಗಾಜಿನ ಪಾತ್ರೆಯಿಂದ ಹೊರಗೆ ಬಂದು, ನೆಲದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಉದಾಹರಣೆ ಬೇಕೆಂದರೆ ಕಬ್ಬಿಣದ ಚೂರುಗಳ ಕಥೆ ನೋಡಬೇಕು. ಅಮೆರಿಕದ ಉತ್ತರ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿ ಕರಾವಳಿ ಕಾವಲು ಪಡೆಯ ನೆಲೆಯೊಂದಿದೆ. ಅಲ್ಲಿನ ಕ್ರೋಮ್ ಪ್ಲೇಟಿಂಗ್ ಶೆಡ್ಡಿನಿಂದ ಸೋರಿದ ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ಯಾನ್ಸರ್ ತರಬಲ್ಲ ರೂಪದ್ದು, ನೆಲದೊಳಗಿನ ನೀರಿನೊಡನೆ ಹತ್ತಿರದ ನದಿಯ ಕಡೆಗೆ ಸರಿಯುತ್ತಿತ್ತು. 1996ರಲ್ಲಿ ಆ ನೀರಿನ ದಾರಿಗೆ ಅಡ್ಡಲಾಗಿ 46 ಮೀಟರ್ ಉದ್ದ, 7.3 ಮೀಟರ್ ಆಳ, 0.6 ಮೀಟರ್ ಅಗಲದ ಕಂದಕ ತೋಡಿ ಕಬ್ಬಿಣದ ಹರಳು ತುಂಬಿದರು. ಪಂಪು, ವಿದ್ಯುತ್ತು, ಕಾವಲುಗಾರ ಯಾವುದೂ ಬೇಕಾಗಲಿಲ್ಲ. ನೀರು ಕಬ್ಬಿಣದ ನಡುವೆ ಹಾಯುವಾಗ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯುವ ಭರದಲ್ಲಿ ಅದು ಬಿಟ್ಟುಕೊಡುವ ಎಲೆಕ್ಟ್ರಾನುಗಳು ಕ್ರೋಮಿಯಂ ಅನ್ನು ಮೂರು ವೇಲೆನ್ಸಿಗೆ ಇಳಿಸುತ್ತವೆ. ಆ ರೂಪ ನೀರಿನಲ್ಲಿ ಕರಗುವುದಿಲ್ಲ, ತುಕ್ಕಿನೊಡನೆ ಅಲ್ಲೇ ಕಲ್ಲಾಗಿ ಕೂರುತ್ತದೆ. ಕಬ್ಬಿಣ ತುಂಬಿದ ಈ ಗೋಡೆಯ ಆಚೆ ಬದಿಯಲ್ಲಿ ಕ್ರೋಮಿಯಂ ಕುಡಿಯುವ ನೀರಿನ ಮಿತಿಗಿಂತ ಕೆಳಗಿತ್ತು, ಹತ್ತು ವರ್ಷ ದಾಟಿದ ಮೇಲೂ ಗೋಡೆ ಕೆಲಸ ಮಾಡುತ್ತಿತ್ತು. ಲೇತ್ ಯಂತ್ರದಿಂದ ಸುರುಳಿ ಸುರುಳಿಯಾಗಿ ಬೀಳುವ ಕಬ್ಬಿಣದ ಚೂರೂ ಇದೇ ಕಬ್ಬಿಣ. ಮೆಷಿನ್ ಟೂಲ್ ಕೈಗಾರಿಕೆ ಇರುವ ಕಡೆ ಅದಕ್ಕೆ ಕೊರತೆಯಿಲ್ಲ. ಅಂಟಿದ ಕೂಲೆಂಟ್ ಎಣ್ಣೆಯನ್ನು ತೊಳೆದು, ಸಣ್ಣಗೆ ಪುಡಿ ಮಾಡಿದರೆ ಪಕ್ಕದ ಪ್ಲೇಟಿಂಗ್ ಘಟಕದ ಕ್ರೋಮಿಯಂಗೆ ಅದೇ ಮದ್ದು.

ಇಷ್ಟು ಕೇಳಿದವರು ಮೊದಲು ಎತ್ತುವ ಆಕ್ಷೇಪ ಸರಿಯಾದದ್ದೇ: ಪ್ರಯೋಗಶಾಲೆಯಲ್ಲಿ ಗೆದ್ದದ್ದು ಕಾರ್ಖಾನೆಯಲ್ಲಿ ಗೆಲ್ಲುತ್ತದೆಂಬ ಭರವಸೆ ಏನು? ಭರವಸೆ ಇಲ್ಲ. ಸಂಶೋಧನಾ ಪ್ರಬಂಧಗಳಲ್ಲಿರುವುದು ಹೆಚ್ಚಾಗಿ ಶುದ್ಧ ನೀರಿಗೆ ಒಂದೇ ಲೋಹವನ್ನು ಬೆರೆಸಿ, ಅದಕ್ಕೆ ಒಗ್ಗುವ ಆಮ್ಲಮಟ್ಟ ಇಟ್ಟು, ಗಂಟೆಗಟ್ಟಲೆ ಕುಲುಕಿ ಪಡೆದ ಅಂಕಿಗಳು. ನಿಜವಾದ ಕೊಳಚೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಎಣ್ಣೆ, ಸಾಬೂನು, ಲೋಹವನ್ನು ಬಿಗಿಹಿಡಿದ ರಾಸಾಯನಿಕಗಳು ಎಲ್ಲವೂ ಇರುತ್ತವೆ. ನಮ್ಮ ಸೀಮೆಯ ಗಡಸು ನೀರಿನಲ್ಲಂತೂ ಕ್ಯಾಲ್ಸಿಯಮ್ಮೇ ಮೊದಲು ನುಗ್ಗಿ ಇದ್ದಿಲಿನ ಜಾಗ ಹಿಡಿಯಬಹುದು. ನುಣ್ಣನೆಯ ಬೂದಿಯನ್ನು ಡ್ರಮ್ಮಿಗೆ ತುಂಬಿದರೆ ನೀರೇ ಇಳಿಯದೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಪ್ರಬಂಧದ ಅಂಕಿಯನ್ನು ನಂಬಿ ಯಂತ್ರ ಕೂರಿಸುವುದು ಮೂರ್ಖತನ. ಆದರೆ ಇದರಿಂದ ಹೊರಡುವ ತೀರ್ಮಾನ ಈ ದಾರಿಯನ್ನೇ ಬಿಡಬೇಕೆಂಬುದಲ್ಲ. ಯಾವ ಘಟಕದಲ್ಲಿ ಬಳಸುತ್ತೇವೋ ಆ ಘಟಕದ ನೀರಿನಲ್ಲೇ, ಸಣ್ಣ ಡ್ರಮ್ಮಿನಲ್ಲಿ, ತಿಂಗಳುಗಟ್ಟಲೆ ಹರಿಸಿ ನೋಡಬೇಕು. ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂಥ ಸಂಸ್ಥೆಗಳು ಜಿಲ್ಲೆಯಲ್ಲೇ ಇರುವಾಗ ಇದು ದೊಡ್ಡ ಕೆಲಸವೇನಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಕಸದಲ್ಲೇ ವಿಷವಿದ್ದರೆ? ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಲ್ಲಿ ಹುಟ್ಟುವ ಕೆಂಪು ಕೆಸರು ಕಬ್ಬಿಣದ ಆಕ್ಸೈಡಿನಿಂದ ತುಂಬಿದ್ದು, ಲೋಹ ಹಿಡಿಯುತ್ತದೆ, ನಿಜ. ಆದರೆ ಅದು ಚರ್ಮ ಸುಡುವಷ್ಟು ಕ್ಷಾರ. 2010ರ ಅಕ್ಟೋಬರಿನಲ್ಲಿ ಹಂಗೇರಿಯ ಅಯ್ಕಾದಲ್ಲಿ ಇಂಥ ಕೆಸರಿನ ಕಟ್ಟೆ ಒಡೆದು ಹತ್ತು ಜನ ಸತ್ತರು. ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಡೆ ರಾಶಿ ಬೀಳುವ ಕಲ್ಲಿದ್ದಲಿನ ಹಾರುಬೂದಿಯಲ್ಲಿ ಆರ್ಸೆನಿಕ್, ಕ್ರೋಮಿಯಂ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಒಂದು ಲೋಹ ಹಿಡಿಯಲು ಹೋಗಿ ಇನ್ನೊಂದನ್ನು ನೀರಿಗೆ ಬಿಟ್ಟರೆ ಬಂದ ಭಾಗ್ಯವೇನು? ಆದ್ದರಿಂದ ಎಲ್ಲ ಕಸವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಕಡಲೆಕಾಯಿ ಸಿಪ್ಪೆ, ತೆಂಗಿನ ನಾರು, ತೊಳೆದ ಕಬ್ಬಿಣದ ಚೂರುಗಳ ಒಡಲಲ್ಲಿ ಏನಿದೆ ಎಂಬುದು ಗೊತ್ತು. ಬೂದಿ, ಕೆಂಪು ಕೆಸರುಗಳ ಪ್ರತಿ ಲೋಡನ್ನೂ ಪರೀಕ್ಷಿಸಬೇಕು. ಬೆಳಗಾವಿ, ರಾಯಚೂರುಗಳಿಂದ ನೂರಾರು ಕಿಲೋಮೀಟರ್ ಲಾರಿಯಲ್ಲಿ ತರುವ ಖರ್ಚನ್ನೂ ಸೇರಿಸಿದರೆ ಈ ನಾಲ್ಕು ತಾಲ್ಲೂಕುಗಳಿಗೆ ಅವು ಅಗ್ಗವೂ ಅಲ್ಲ.

ಮೂರನೆಯ ಪ್ರಶ್ನೆ ಆಸೆಯಿಂದ ಹುಟ್ಟುವುದು: ಇಷ್ಟೆಲ್ಲ ಶಕ್ತಿಯಿದ್ದರೆ ಪಾವಗಡದ ಕುಡಿಯುವ ನೀರಿಗೇ ಇದನ್ನು ಹಾಕಬಾರದೇಕೆ? ಇಲ್ಲಿ ಲೆಕ್ಕವೇ ಉತ್ತರ ಹೇಳುತ್ತದೆ. ಊರಿನ ಶುದ್ಧ ನೀರಿನ ಘಟಕವೊಂದಕ್ಕೆ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡಿನ ನೀರು ಬರುತ್ತದೆ, ಅರ್ಧ ನೀರು ಕ್ಯಾನಿಗೆ, ಅರ್ಧ ಹಿಂದಿನ ಪೈಪಿನಿಂದ ಚರಂಡಿಗೆ ಎಂದುಕೊಳ್ಳೋಣ. ಬಂದ ಫ್ಲೋರೈಡಿನಲ್ಲಿ ಬಹುಪಾಲು ಚರಂಡಿಗೆ ಬೀಳುವ ನೀರಿನಲ್ಲೇ ಉಳಿದು, ಅಲ್ಲಿ ಅದು ಸುಮಾರು 4 ಮಿಲಿಗ್ರಾಂಗೆ ಏರಿರುತ್ತದೆ. ದಿನಕ್ಕೆ 8,000 ಲೀಟರ್ ಹೀಗೆ ಹೋದರೆ ಅದರಲ್ಲಿ 32 ಗ್ರಾಂ ಫ್ಲೋರೈಡ್. ಒಂದು ಗ್ರಾಂ ಕಸ ಒಂದು ಮಿಲಿಗ್ರಾಂ ಫ್ಲೋರೈಡ್ ಹಿಡಿಯುತ್ತದೆಂದು ಹಿಡಿದರೂ ದಿನಕ್ಕೆ 32 ಕಿಲೋ ಕಸ ಬೇಕು, ವರ್ಷಕ್ಕೆ ಒಂದೊಂದು ಊರಿಗೂ ಹನ್ನೊಂದು ಟನ್ನಿಗೆ ಮೇಲೆ. ಅಷ್ಟನ್ನು ತಂದು, ಬದಲಿಸಿ, ವಿಲೇವಾರಿ ಮಾಡುವವರು ಯಾರು? ಯುರೇನಿಯಂ ತೂಕದಲ್ಲಿ ಬಹಳ ಕಡಿಮೆ, ಆದರೆ ಗಡಸಾದ, ಕಾರ್ಬನೇಟು ತುಂಬಿದ ನೀರಿನಲ್ಲಿ ಅದು ಕಾರ್ಬನೇಟಿನೊಡನೆ ಜೋಡಿಯಾಗಿ ಋಣ ಅಯಾನಾಗುತ್ತದೆ. ಧನ ಅಯಾನುಗಳನ್ನು ಹಿಡಿಯುವ ಸಿಪ್ಪೆಯ ಇದ್ದಿಲಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಕಲ್ಲು ಕೊಟ್ಟ ವಿಷಕ್ಕೆ ನಿಜವಾದ ಪರಿಹಾರ ಬೇರೆ ನೀರು: ಕೆರೆಯಲ್ಲಿ ನಿಂತ ಮಳೆನೀರು, ತುಂಗಭದ್ರೆಯ ಹಿನ್ನೀರಿನಿಂದ ಪಾವಗಡಕ್ಕೆ ತರುವಂಥ ಹೊರಗಿನ ನೀರು. ಬಾಂಗ್ಲಾದೇಶದಲ್ಲಿ ಕಬ್ಬಿಣದ ಚೂರುಗಳಿಂದಲೇ ಆರ್ಸೆನಿಕ್ ತೆಗೆಯುವ ಸೋನೋ ಫಿಲ್ಟರ್ ಮಾಡಿದ ಅಬುಲ್ ಹುಸ್ಸಾಮ್ ಅವರಿಗೆ 2007ರಲ್ಲಿ ಅಮೆರಿಕದ ಗ್ರೇಂಜರ್ ಪ್ರಶಸ್ತಿ ಬಂತು, ನಿಜ. ಅಲ್ಲಿ ವಿಷ ಒಂದೇ, ಅದನ್ನು ಹಿಡಿಯುವ ವಸ್ತುವೂ ಒಂದೇ; ಸರ್ಕಾರದ ಪರೀಕ್ಷೆ ದಾಟಿದ ಮೇಲೆಯೇ ಅದು ಮನೆಮನೆಗೆ ಹೋದದ್ದು. ಆ ಶಿಸ್ತು ಇಲ್ಲದೆ ಯಾವ ಕಸವನ್ನೂ ಕುಡಿಯುವ ನೀರಿನ ಹತ್ತಿರಕ್ಕೆ ಬಿಟ್ಟುಕೊಳ್ಳಬಾರದು.

ಅದೇ ಲೆಕ್ಕವನ್ನು ಕಾರ್ಖಾನೆಯ ಕೊಳಚೆಗೆ ಹಾಕಿ ನೋಡಿದರೆ ಚಿತ್ರ ತಿರುಗುತ್ತದೆ. ಸಣ್ಣ ಪ್ಲೇಟಿಂಗ್ ಘಟಕವೊಂದು ದಿನಕ್ಕೆ 10,000 ಲೀಟರ್ ನೀರು ಹೊರಬಿಡುತ್ತದೆ, ಸುಣ್ಣ ಹಾಕಿದ ಮೇಲೆ ಅದರಲ್ಲಿ ಲೀಟರಿಗೆ 2 ಮಿಲಿಗ್ರಾಂ ನಿಕ್ಕಲ್ ಉಳಿದಿದೆ ಎನ್ನೋಣ. ಕಾನೂನಿನ ಮಿತಿಯೊಳಗೇ ಇದೆ. ದಿನಕ್ಕೆ 20 ಗ್ರಾಂ. 300 ದಿನ ಕೆಲಸ ನಡೆದರೆ ವರ್ಷಕ್ಕೆ 6 ಕಿಲೋ. ಈ 6 ಕಿಲೋ ನಿಕ್ಕಲ್ ಅನ್ನು ಕುಡಿಯುವ ನೀರಿನ ಮಿತಿಗೆ ತೆಳುವಾಗಿಸಲು 30 ಕೋಟಿ ಲೀಟರ್ ನೀರು ಬೇಕು. ಹೊಳೆಯಿಲ್ಲದ ಊರಿನಲ್ಲಿ ಅಷ್ಟು ನೀರನ್ನು ಯಾರು ಕೊಡುತ್ತಾರೆ? ಬದಲಿಗೆ ಸಿಪ್ಪೆಯ ಇದ್ದಿಲು ತುಂಬಿದ ಡ್ರಮ್ಮುಗಳ ಮೂಲಕ ಹಾಯಿಸಿದರೆ, ಗ್ರಾಂಗೆ 5 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆಂದು ಬಿಗಿಯಾಗಿ ಎಣಿಸಿದರೂ, ದಿನಕ್ಕೆ 4 ಕಿಲೋ, ವರ್ಷಕ್ಕೆ 1.2 ಟನ್ ಇದ್ದಿಲು ಸಾಕು. ಒಂದು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಬರುವಷ್ಟು ಸಾಮಾನು. ನಾನು ಹಿಡಿದ ಅಂಕಿಗಳನ್ನು ಎರಡು ಪಟ್ಟು ಏರಿಸಿ, ಮೂರು ಪಟ್ಟು ಏರಿಸಿ. ಆದರೂ ಒಬ್ಬ ಸಣ್ಣ ಉದ್ಯಮಿ ನಿಭಾಯಿಸಬಲ್ಲ ಅಳತೆಯೊಳಗೇ ಇರುತ್ತದೆ. ವಿದ್ಯುತ್ತು ತಿಂದು ನೀರನ್ನು ಕುದಿಸಿ ಒಣಗಿಸುವ ಯಂತ್ರ ದೊಡ್ಡ ಕಾರ್ಖಾನೆಗೆ ಸರಿ. ಇಪ್ಪತ್ತು ಜನ ದುಡಿಯುವ ಶೆಡ್ಡಿಗೆ ಅದನ್ನು ಕಡ್ಡಾಯ ಮಾಡಿದರೆ ಯಂತ್ರ ಕಾಗದದ ಮೇಲೆ ಓಡುತ್ತದೆ, ನೀರು ರಾತ್ರಿ ಹೊತ್ತು ಹಳ್ಳಕ್ಕೆ ಓಡುತ್ತದೆ.

ಆದರೆ ಆ 1.2 ಟನ್ ಇದ್ದಿಲಿನಲ್ಲಿ ಈಗ 6 ಕಿಲೋ ನಿಕ್ಕಲ್ ಕೂತಿದೆ. ಈ ವಿಷಯದಲ್ಲಿ ಬರೆಯುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತಾರೆ, ನಿಜವಾದ ಕಷ್ಟ ಶುರುವಾಗುವುದೂ ಇಲ್ಲಿಂದಲೇ. ಬಳಸಿ ಮುಗಿದ ಇದ್ದಿಲನ್ನು ತಿಪ್ಪೆಗೆ ಸುರಿದರೆ ಮೊದಲ ಮಳೆಗೇ ಲೋಹ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಇಟ್ಟಿಗೆ ಗೂಡಿಗೆ ಉರುವಲಾಗಿ ಹಾಕಿದರೆ ಬೂದಿಯಲ್ಲಿ ಸಾಂದ್ರವಾಗಿ ಉಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುವನ್ನು ಸೋರಿಕೆ ಪರೀಕ್ಷೆ ಮಾಡಿಸಿ ಅಧಿಕೃತ ಜಾಗಕ್ಕೇ ಕಳಿಸಬೇಕು, ಮತ್ತು ಅಂಥ ಜಾಗ ದೂರವಿಲ್ಲ: ರಾಜ್ಯದ ಅಪಾಯಕಾರಿ ತ್ಯಾಜ್ಯ ಹೂಳುವ ನೆಲೆ ತುಮಕೂರಿನ ದಾರಿಯಲ್ಲೇ, ದಾಬಸ್‌ಪೇಟೆಯಲ್ಲಿದೆ. ಸಾಧ್ಯವಿದ್ದ ಕಡೆ ಆಮ್ಲದಿಂದ ತೊಳೆದು ನಿಕ್ಕಲ್ ಅನ್ನು ಮತ್ತೆ ಪ್ಲೇಟಿಂಗ್ ತೊಟ್ಟಿಗೇ ತರಬಹುದು. ವಿಷವನ್ನು ನೀರಿನಿಂದ ಎತ್ತಿ ಕಸಕ್ಕೆ ಹಾಕಿದಿರಿ, ಅಷ್ಟೇ ತಾನೆ ಎಂದು ಕೇಳುವವರಿಗೆ ನನ್ನ ಉತ್ತರ: ಹೌದು, ಅಷ್ಟೇ, ಆದರೆ ಅಷ್ಟರಲ್ಲೇ ಬಹಳಷ್ಟಿದೆ. 30 ಲಕ್ಷ ಲೀಟರ್ ನೀರಿನಲ್ಲಿ ಕರಗಿ ಹರಡಿದ ಲೋಹವನ್ನು ಯಾರೂ ಮತ್ತೆ ಒಟ್ಟುಗೂಡಿಸಲಾರರು. ಒಂದು ಟನ್ ಘನವಸ್ತುವಿನಲ್ಲಿ ಕೂತದ್ದನ್ನು ಚೀಲಕ್ಕೆ ತುಂಬಬಹುದು, ತೂಗಬಹುದು, ಬೀಗ ಹಾಕಿಡಬಹುದು, ಲೆಕ್ಕ ಕೇಳಬಹುದು.

ಬಿಟ್ಟಿ ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಹಿಂದೆ ಕೇಳುವವರಿಲ್ಲದೆ ಬಿದ್ದಿದ್ದ ಹಾರುಬೂದಿಗೆ ಸಿಮೆಂಟ್ ಕಾರ್ಖಾನೆಗಳು ಗಿರಾಕಿಯಾದ ಮೇಲೆ ಬೆಲೆ ಬಂತು. ಲೇತ್ ಚೂರಿಗೆ ಗುಜರಿಯಲ್ಲಿ ಇವತ್ತೂ ಕಿಲೋ ಲೆಕ್ಕದ ದರವಿದೆ. ಕಡಲೆಕಾಯಿ ಸಿಪ್ಪೆ ಬಾಯ್ಲರಿಗೂ ಗೂಡಿಗೂ ಹೋಗುತ್ತದೆ. ಆಮ್ಲ, ಸೋಡಾ, ತೊಳೆಯುವ ನೀರು, ಕೂಲಿ ಎಲ್ಲಕ್ಕೂ ದುಡ್ಡು ಬೇಕು. ಕಸವೆಂದರೆ ಖರ್ಚಿಲ್ಲ ಎಂದು ನಂಬಿಸಿ ಆರಂಭಿಸಿದ ಯೋಜನೆ ಮೊದಲ ಬಿಲ್ಲು ಬಂದ ದಿನ ನಿಲ್ಲುತ್ತದೆ. ಇದರ ನಿಜವಾದ ಬಲ ಬೇರೆ ಕಡೆ ಇದೆ: ಸಾಮಗ್ರಿ ಹತ್ತಿರದಲ್ಲೇ ಸಿಗುತ್ತದೆ, ಡ್ರಮ್ಮು ಬದಲಿಸಲು ದೊಡ್ಡ ತರಬೇತಿ ಬೇಕಿಲ್ಲ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಇದನ್ನು ಜಾರಿಗೆ ತರಲು ಹೊಸ ಕಾನೂನು ಬೇಕಿಲ್ಲ. ಸಾಮಾನ್ಯ ಮಾನದಂಡಕ್ಕಿಂತ ಬಿಗಿಯಾದ ಮಿತಿ ಹಾಕುವ ಅಧಿಕಾರವನ್ನು 1986ರ ನಿಯಮಗಳೇ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟಿವೆ. ಬತ್ತಿದ ಹಳ್ಳಕ್ಕೆ ನೀರು ಬಿಡುವ ಘಟಕಕ್ಕೂ ತುಂಬಿದ ಹೊಳೆಗೆ ಬಿಡುವ ಘಟಕಕ್ಕೂ ಒಂದೇ ಅಂಕಿ ಬರೆಯುವುದನ್ನು ಮಂಡಳಿ ಕೈಬಿಟ್ಟು, ಈ ನಾಲ್ಕು ತಾಲ್ಲೂಕು ಮತ್ತು ಅವುಗಳ ಆಸುಪಾಸಿನ ಕೈಗಾರಿಕೆಗಳಿಗೆ ಕೊಡುವ ಒಪ್ಪಿಗೆ ಪತ್ರದಲ್ಲೇ ಸುಣ್ಣದ ತೊಟ್ಟಿಯ ಮುಂದೆ ಇನ್ನೊಂದು ಮೆಟ್ಟಿಲನ್ನು ಷರತ್ತಾಗಿ ಸೇರಿಸಬೇಕು. ಯಾವ ವಸ್ತು ಬಳಸಬೇಕೆಂಬುದನ್ನು ಉದ್ಯಮಿಗೆ ಬಿಡಲಿ, ಫಲಿತಾಂಶವನ್ನು ಬಿಡಬಾರದು. ಆ ಫಲಿತಾಂಶವನ್ನು ಅಳೆಯಲು ಒಂದು ಪುಸ್ತಕ ಸಾಕು. ಈ ವರ್ಷ ಎಷ್ಟು ಕಿಲೋ ನಿಕ್ಕಲ್, ಕ್ರೋಮಿಯಂ ಕೊಂಡು ತಂದಿರಿ, ಎಷ್ಟು ಸಾಮಾನಿನ ಮೇಲೆ ಲೇಪವಾಗಿ ಹೋಯಿತು, ಎಷ್ಟು ಗಸಿಯಲ್ಲೂ ಇದ್ದಿಲಿನಲ್ಲೂ ದಾಬಸ್‌ಪೇಟೆಗೆ ತಲುಪಿತು? ಕೊಂಡದ್ದಕ್ಕೂ ಲೆಕ್ಕ ಕೊಟ್ಟದ್ದಕ್ಕೂ ನಡುವೆ ಉಳಿಯುವ ವ್ಯತ್ಯಾಸವೇ ನಮ್ಮ ಕೊಳವೆಬಾವಿಯ ಪಾಲು. ಅದನ್ನು ಸೊನ್ನೆಯ ಹತ್ತಿರ ತರುವ ಘಟಕ ಕಡಲೆಕಾಯಿ ಸಿಪ್ಪೆ ಬಳಸಿದರೂ ಸರಿ, ಕಬ್ಬಿಣದ ಚೂರು ಬಳಸಿದರೂ ಸರಿ. ತರಲಾರದ ಘಟಕ ಎಷ್ಟು ದುಬಾರಿ ಯಂತ್ರ ತೋರಿಸಿದರೂ ಅದಕ್ಕೆ ಈ ಸೀಮೆಯಲ್ಲಿ ಒಪ್ಪಿಗೆ ಸಿಗಬಾರದು.